ಮುನ್ನೂರು ಮಿಡಿತಕ್ಕೊಂದು ಚುಕ್ಕೆ

ನಮ್ಮ ಕಾರ್ಖಾನೆಗೆ ವಾರದ ರಜೆ ಭಾನುವಾರವಲ್ಲ, ಶುಕ್ರವಾರ. ಎಲ್ಲರೂ ಒಂದೇ ದಿನ ರಜೆ ಮಾಡಿ ಒಂದೇ ದಿನ ಮಿಷನ್ನು ತಿರುಗಿಸಿದರೆ ಕರೆಂಟು ಸಾಲುವುದಿಲ್ಲವೆಂದು ಹೊಸೂರಿನ ಕಾರ್ಖಾನೆಗಳಿಗೆ ರಜೆಯನ್ನು ಬೇರೆಬೇರೆ ದಿನಕ್ಕೆ ಹಂಚಿದ್ದರು. ಎಂಬತ್ತರ ದಶಕದ ನಡುವಿನ ಮಾತು. ಊರೆಲ್ಲ ದುಡಿಯುವ ಶುಕ್ರವಾರ ನಾನೊಬ್ಬ ಸೋಮಾರಿಯ ಹಾಗೆ ಕೈಚೀಲ ಹಿಡಿದು ರಾಯಕೋಟೆಯ ಬಸ್ಸು ಹತ್ತುತ್ತಿದ್ದೆ.

ಕೆಲಸದಲ್ಲಿ ನಾನು ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್. ಕುಲುಮೆಗಳ ಶಾಖ ಅಳೆಯುವ ಮೀಟರುಗಳು, ಆ ಶಾಖದ ಏರಿಳಿತವನ್ನು ಕೆಂಪು ಶಾಯಿಯಲ್ಲಿ ಕಾಗದದ ಸುರುಳಿಯ ಮೇಲೆ ಗೀಚುವ ಪೆನ್ ರೆಕಾರ್ಡರುಗಳು, ಇವುಗಳ ರಿಪೇರಿ ನನ್ನ ಪಾಲಿಗೆ. ಕಾರ್ಖಾನೆಯ ಕ್ವಾರ್ಟರ್ಸಿನ ಮನೆಗೆ ಬಂದರೆ ಹವ್ಯಾಸಿ ರೇಡಿಯೋ. ಹವ್ಯಾಸಿ ಎಂದರೆ ಹಾಡು ಕೇಳುವುದಲ್ಲ. ಸರ್ಕಾರದ ಲೈಸೆನ್ಸು ಪಡೆದು, ಕೈಯಾರೆ ಕಟ್ಟಿದ ಸೆಟ್ಟಿನಲ್ಲಿ ಮೋರ್ಸ್ ಸಂಕೇತದ ಚುಕ್ಕೆ ಗೆರೆಗಳನ್ನು ಕುಟ್ಟಿ, ಮುಖ ಕಾಣದವರ ಜೊತೆ ಹರಟುವುದು. ನನಗೆ ಮೋರ್ಸ್ ಕಲಿಸಿದವರು ರಾಯಕೋಟೆಯ ತಂತಿ ಮೇಷ್ಟ್ರು. ಕೃಷ್ಣಗಿರಿಯ ತಂತಿ ಕಚೇರಿಯಲ್ಲಿ ಬಹುಕಾಲ ಟೆಲಿಗ್ರಾಂ ಕುಟ್ಟಿ ನಿವೃತ್ತರಾಗಿ, ಕೋಟೆ ಬೆಟ್ಟದ ಬುಡದ ಮನೆಗೆ ವಾಪಸು ಬಂದವರು. ನಿವೃತ್ತಿಯ ಮೇಲೂ ಬೆರಳು ಸುಮ್ಮನಿರದೆ ಹವ್ಯಾಸಿ ಲೈಸೆನ್ಸು ತೆಗೆದುಕೊಂಡಿದ್ದರು.

ಅವರ ಕಿವಿ ಮೊದಲು ಒಂದು ಬದಿ ಹೋಯಿತು, ಆಮೇಲೆ ಎರಡೂ. ಕಿವಿಗೆ ಹಾಕುವ ಯಂತ್ರ ಸೀಟಿ ಹೊಡೆಯಿತೇ ಹೊರತು ಮೋರ್ಸ್ ಕೇಳಿಸಲಿಲ್ಲ. ಮಾತಾಡಬೇಕೆಂದರೆ ನಾವು ಚೀಟಿಯಲ್ಲಿ ಬರೆದು ತೋರಿಸಬೇಕು, ಅವರು ಓದಿ ಬಾಯಲ್ಲಿ ಉತ್ತರ ಹೇಳುತ್ತಾರೆ. ಬರೆದ ಚೀಟಿಯನ್ನು ಮೇಜಿನ ಮೇಲಿದ್ದ ಚೂಪು ಕಂಬಿಗೆ ಚುಚ್ಚಿಡುತ್ತಾರೆ. ತಂತಿ ಕಚೇರಿಯ ಅಭ್ಯಾಸ ಅದು. ಬಂದ ಕಾಗದ ಯಾವುದನ್ನೂ ಹರಿಯುವಂತಿಲ್ಲ.

ಆ ವರ್ಷ ಅವರ ಲೈಸೆನ್ಸು ಹೊಸದು ಮಾಡಿಸುವ ಕಾಲ ಬಂತು. ಅರ್ಜಿ ತುಂಬಿ, ಸಹಿ ಮಾತ್ರ ಹಾಕದೆ, ಸೆಟ್ಟಿನ ಕೆಳಗೆ ಸಿಕ್ಕಿಸಿ ಇಟ್ಟಿದ್ದರು.

“ಕೇಳಕ್ಕಾಗದೋನ್ಗೆ ಲೈಸೆನ್ಸ್ ಯಾಕ್ಲಾ? ಕುರುಡನ ಕೈಗೆ ಕನ್ನಡಿ ಕೊಟ್ಟಂಗೆ” ಎಂದರು.

ಮುಂದಿನ ತಿಂಗಳ ಕೊನೆಯೊಳಗೆ ಅರ್ಜಿ ಹೋಗದಿದ್ದರೆ ಲೈಸೆನ್ಸು ಸಾಯುತ್ತದೆ. ಮತ್ತೆ ಬೇಕೆಂದರೆ ಹೊಸಬನ ಹಾಗೆ ಪರೀಕ್ಷೆಗೆ ಕೂರಬೇಕು. ಪರೀಕ್ಷೆಯೆಂದರೆ ಮೋರ್ಸನ್ನು ಕಿವಿಯಿಂದ ಕೇಳಿ ಬರೆಯುವುದು. ಅಂದರೆ ಹೋದದ್ದು ಹೋದಂತೆಯೇ.

ನನ್ನ ತಲೆಗೆ ಹೊಳೆದದ್ದು ಕಾರ್ಖಾನೆಯ ಮೂಲೆಗೆ ಎಸೆದಿದ್ದ ಒಂದು ಹಳೆಯ ಪೆನ್ ರೆಕಾರ್ಡರು. ಕಿವಿಯಿಂದ ಆಗದ್ದು ಕಣ್ಣಿನಿಂದ ಆಗಬಾರದೇಕೆ? ಮೋರ್ಸನ್ನು ಕಾಗದದ ಮೇಲೆ ಬರೆಸೋಣ. ಆದರೆ ಆ ಪೆನ್ನು ಕುಲುಮೆಗೆಂದು ಮಾಡಿದ್ದು. ಕಾಗದದ ಈ ಕಡೆಯಿಂದ ಆ ಕಡೆಗೆ ಹೋಗಲು ಅದಕ್ಕೆ ಎರಡು ಸೆಕೆಂಡು ಬೇಕು. ನಾವು ಕುಟ್ಟುವ ವೇಗಕ್ಕೆ ಅದು ಅಲ್ಲಾಡುವುದೂ ಇಲ್ಲ. ಸರಿ, ಪೆನ್ನು ಓಡದಿದ್ದರೆ ಮೋರ್ಸೇ ನಡೆಯಲಿ ಎಂದುಕೊಂಡೆ. ಒಂದು ಚುಕ್ಕೆಗೆ ಆರು ಸೆಕೆಂಡು. ಗೆರೆಗೆ ಹದಿನೆಂಟು. ಅಷ್ಟು ನಿಧಾನದ ಮೋರ್ಸನ್ನು ಮನುಷ್ಯನ ಕೈ ಕುಟ್ಟಲಾರದು, ಲೆಕ್ಕ ತಪ್ಪುತ್ತದೆ, ಇಲ್ಲವೇ ನಿದ್ದೆ ಬರುತ್ತದೆ. ಅದಕ್ಕೆ ಕಂಪ್ಯೂಟರ್ ಬೇಕು.

ಕಂಪ್ಯೂಟರ್ ನನ್ನಲ್ಲಿತ್ತು. ಸಿಂಗಪುರದಿಂದ ಬಂದ ನೆಂಟರೊಬ್ಬರು ತಂದುಕೊಟ್ಟದ್ದು. ಟಿವಿಗೆ ಸಿಕ್ಕಿಸಿ, ಕ್ಯಾಸೆಟ್ಟಿನಿಂದ ಪ್ರೋಗ್ರಾಂ ತುಂಬಿಸುವ ಪುಟ್ಟ ಪೆಟ್ಟಿಗೆ. ಕಳಿಸುವ ಕೆಲಸ ಅದಕ್ಕೆ. ರಾಯಕೋಟೆಯ ಕಡೆ ಕಾರ್ಖಾನೆಯಲ್ಲಿ ಬಿಸಾಡಿದ್ದ ಕಂಟ್ರೋಲ್ ಬೋರ್ಡೊಂದನ್ನು ಪಳಗಿಸಿ ರೆಕಾರ್ಡರಿಗೆ ಜೋಡಿಸಿದೆ. ಅದರಲ್ಲೂ ನಾನು ಬರೆದ ಪ್ರೋಗ್ರಾಂ. ರೇಡಿಯೋದಿಂದ ಬರುವ ಸದ್ದನ್ನು ಅದು ಆರಾರು ಸೆಕೆಂಡಿನ ತುಂಡು ಮಾಡಿ ಅಳೆಯಬೇಕು. ಒಂದು ತುಂಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಸದ್ದಿದ್ದರೆ ‘ಇದೆ’ ಎಂದು ಪೆನ್ನನ್ನು ಏರಿಸಬೇಕು, ಇಲ್ಲದಿದ್ದರೆ ‘ಇಲ್ಲ’ ಎಂದು ಇಳಿಸಬೇಕು. ಸಿಡಿಲಿನ ಗೊರಗೊರ, ಪಂಪ್‌ಸೆಟ್ಟುಗಳ ಚಟಪಟ ಇವೆಲ್ಲ ಹೀಗೆ ಸೋಸಿಹೋಗುತ್ತವೆ ಎಂಬುದು ನನ್ನ ಉಪಾಯ.

ಇದಕ್ಕೆ ಎರಡೂ ಕಡೆಯ ಗಡಿಯಾರ ಒಂದೇ ಆಗಿರಬೇಕು. ನನ್ನ ಪೆಟ್ಟಿಗೆಯಲ್ಲಿ ಒಳ್ಳೆಯ ಗಡಿಯಾರವಿತ್ತು. ಬಿಸಾಡಿದ ಬೋರ್ಡಿನದು ಬೆಳಿಗ್ಗೆ ಒಂದು ವೇಗ, ಮಧ್ಯಾಹ್ನ ಒಂದು ವೇಗ. ಅದರ ವೇಗವನ್ನು ಒಂದೇ ಹದದಲ್ಲಿಡುವ ಹರಳು ಬೆಂಗಳೂರಿನ ಅಂಗಡಿಬೀದಿಯಲ್ಲೂ ಸಿಗಲಿಲ್ಲ. ಆಗ ನಾನು ಬಹಳ ಜಾಣತನದ್ದೆಂದು ಎದೆಯುಬ್ಬಿಸಿಕೊಂಡ ಒಂದು ಕೆಲಸ ಮಾಡಿದೆ. ಗೋಡೆಯ ಕರೆಂಟು ಸೆಕೆಂಡಿಗೆ ಐವತ್ತು ಸಲ ಮಿಡಿಯುತ್ತದೆ. ಅದು ಐವತ್ತರಲ್ಲಿ ನಿಲ್ಲದೆ ಏರಿಳಿದರೂ, ಹೊಸೂರಿನಲ್ಲಿ ಎಷ್ಟು ಇಳಿಯುತ್ತದೋ ರಾಯಕೋಟೆಯಲ್ಲೂ ಅಷ್ಟೇ ಇಳಿಯುತ್ತದೆ, ಒಂದೇ ತಂತಿಜಾಲವಲ್ಲವೇ. ಎರಡೂ ಕಡೆ ಕರೆಂಟಿನ ಮಿಡಿತವನ್ನೇ ಎಣಿಸಿದರೆ ಆಯಿತು. ಮುನ್ನೂರು ಮಿಡಿತಕ್ಕೊಂದು ಚುಕ್ಕೆ.

ಮೊದಲು ಬೇಸಿಕ್ ಭಾಷೆಯಲ್ಲಿ ಬರೆದೆ. ಪರದೆಗೆ ಅಕ್ಷರ ಬಿಡಿಸುವ ಹೊತ್ತಿಗೆ ಅದು ಎರಡು ಮೂರು ಮಿಡಿತ ನುಂಗುತ್ತಿತ್ತು. ಕೊನೆಗೆ ಗ್ರಾಫ್ ಹಾಳೆಯ ಮೇಲೆ ಯಂತ್ರಭಾಷೆಯಲ್ಲಿ ಒಂದೊಂದೇ ಅಂಕೆ ಕೂರಿಸಿ ಬರೆದೆ. ಬೋರ್ಡಿನ ಪ್ರೋಗ್ರಾಮಿನದು ಇನ್ನೂ ದೊಡ್ಡ ರಗಳೆ. ಒಂದಕ್ಷರ ತಿದ್ದಬೇಕಾದರೂ ಪ್ರೋಗ್ರಾಂ ಹಿಡಿದಿಡುವ ಚಿಪ್ಪನ್ನು ಬಿಚ್ಚಿ ತಂದು, ನೇರಳೆ ದೀಪದ ಕೆಳಗಿಟ್ಟು ಅಳಿಸಿ, ಹೊಸದಾಗಿ ಬರೆದು, ಮುಂದಿನ ಶುಕ್ರವಾರದ ಬಸ್ಸಿನಲ್ಲಿ ಒಯ್ಯಬೇಕು. ಒಂದು ತಪ್ಪಿಗೆ ಒಂದು ವಾರ.

ಕಳಿಸುವ ವೇಳೆ ಸಂಜೆ ಆರೂಕಾಲು ಎಂದು ಗೊತ್ತು ಮಾಡಿದೆ. ಮೇಷ್ಟ್ರ ಸೆಟ್ಟು ಹಳೆಯ ವಾಲ್ವಿನದು. ಹಾಕಿದ ಮೇಲೆ ಒಂದು ಗಂಟೆ ಕಾಯದಿದ್ದರೆ ಬಿಸಿಯೇರುತ್ತ ಏರುತ್ತ ಶ್ರುತಿ ಜಾರುತ್ತದೆ. ಆದ್ದರಿಂದ ಐದಕ್ಕೇ ಸೆಟ್ ಹಾಕಿ, ಮೀಟರಿನ ಮುಳ್ಳು ನೋಡಿಕೊಂಡು ಶ್ರುತಿ ಹಿಡಿಯಬೇಕು ಎಂದು ಚೀಟಿ ಬರೆದುಕೊಟ್ಟೆ.

ಮೊದಲನೆಯ ಶುಕ್ರವಾರ ಬೆಳಿಗ್ಗೆ ಹೋಗಿ ಎಲ್ಲ ಜೋಡಿಸಿ, ಮುಳ್ಳನ್ನು ನಾನೇ ಹದಕ್ಕೆ ತಂದು, ಸೆಟ್ ಆರಿಸದೆ ಬಿಟ್ಟು, ನಾಲ್ಕರ ಬಸ್ಸಿಗೆ ಹೊಸೂರಿಗೆ ಓಡಿಬಂದೆ. ಆರೂಕಾಲಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ‘ನಮಸ್ಕಾರ’ ಎಂದು ಒಂದೇ ಮಾತು ಕಳಿಸಿದೆ. ಆ ಒಂದು ನಮಸ್ಕಾರಕ್ಕೆ ಎಂಟು ನಿಮಿಷ ಹಿಡಿಯಿತು. ಮನೆಯವಳು ಬಾಗಿಲಲ್ಲಿ ನಿಂತು, “ನಡ್ಕೊಂಡೇ ಹೋಗಿ ಕೈ ಮುಗ್ದು ಬಂದ್ಬುಡ್ಬೋದಿತ್ತು” ಎಂದಳು.

ಸೋಮವಾರ ಅಂಚೆ ಕಾರ್ಡು ಬಂತು. ‘ಚಿರಂಜೀವಿಗೆ ಆಶೀರ್ವಾದಗಳು’ ಎಂದು ಶುರುವಾಗಿ, ಒಂಬತ್ತು ಅಕ್ಷರ ಒಂಬತ್ತೂ ಸರಿಯಾಗಿ, ಶುರುವಾದ ವೇಳೆ, ಮುಗಿದ ವೇಳೆ ಎಲ್ಲ ಇತ್ತು. ಕೆಳಗೆ: ‘ಏಳು ದಿನ, ಏಳು ಸಂದೇಶ, ಒಂದಕ್ಷರ ತಪ್ಪದೆ ಬರಲಿ. ಆಮೇಲೆ ಅರ್ಜಿಗೆ ಸಹಿ ಹಾಕುತ್ತೇನೆ.’ ಕಾರ್ಡು ಹಿಡಿದು ಕ್ವಾರ್ಟರ್ಸಿನ ಅಂಗಳದಲ್ಲಿ ಒಬ್ಬನೇ ನಕ್ಕೆ. ತಿಂಗಳ ಕೊನೆಗೆ ಇನ್ನೂ ನಾಲ್ಕು ವಾರವಿತ್ತು.

ದಿನವೂ ಆರೂಕಾಲಕ್ಕೆ ಅದೇ ನಮಸ್ಕಾರ ಕಳಿಸುತ್ತಿದ್ದೆ. ಶನಿವಾರದ್ದು ಕೆಟ್ಟಿತು. ಭಾನುವಾರದ್ದೂ ಕೆಟ್ಟಿತು. ಕಾರ್ಡಿನ ಮೇಲೆ ಕಾರ್ಡು: ಮೊದಲ ಎರಡಕ್ಷರ ನೆಟ್ಟಗೆ, ಆಮೇಲೆ ಗೋಜಲು. ಒಂದು ಚುಕ್ಕೆ ಇರಬೇಕಾದಲ್ಲಿ ಎರಡು, ಗೆರೆ ಇರಬೇಕಾದಲ್ಲಿ ಚುಕ್ಕೆ, ಕೆಲವು ಕಡೆ ಏನೂ ಇಲ್ಲ. ಮತ್ತೆ ಶುಕ್ರವಾರ ಬೆಳಿಗ್ಗೆ ಹೋದೆ, ಮುಳ್ಳು ಸರಿಮಾಡಿ ಬಂದೆ, ಅಂದು ಸಂಜೆ ಕಳಿಸಿದ್ದು ಅಚ್ಚುಕಟ್ಟಾಗಿ ಬಂತು. ಶನಿವಾರ ಮತ್ತೆ ಅದೇ ಗೋಜಲು.

ನಾನು ಪ್ರೋಗ್ರಾಮನ್ನೇ ಹಿಂಡಿದೆ. ಅರ್ಧಕ್ಕಿಂತ ಹೆಚ್ಚು ಎಂಬ ಮಿತಿಯನ್ನು ಮುಕ್ಕಾಲಿಗೆ ಏರಿಸಿದೆ, ಮೂರನೇ ಒಂದಕ್ಕೆ ಇಳಿಸಿದೆ. ಶುರುವಿನಲ್ಲಿ ಒಂದು ನಿಮಿಷದ ಉದ್ದ ಸದ್ದು ಕಳಿಸಿ, ಅದು ನಿಂತ ಕ್ಷಣದಿಂದ ಎರಡೂ ಕಡೆ ಸೊನ್ನೆಯಿಂದ ಎಣಿಸುವ ಹಾಗೆ ಮೊದಲೇ ಮಾಡಿದ್ದೆ. ಅದನ್ನು ಎರಡು ನಿಮಿಷ ಮಾಡಿದೆ. ಒಂದೂ ಉಪಯೋಗಕ್ಕೆ ಬರಲಿಲ್ಲ. ಶುಕ್ರವಾರ ಸರಿ, ಉಳಿದ ದಿನ ತಪ್ಪು. ಇನ್ನೂ ಎರಡು ವಾರ ಹೋಯಿತು. ಕುಲುಮೆಯ ಮುಂದೆ ನಿಂತಾಗಲೂ ತಲೆಯಲ್ಲಿ ಅದೇ ಓಡುತ್ತಿತ್ತು. ಒಮ್ಮೆ ತಪ್ಪು ಫ್ಯೂಸು ತೆಗೆದು ಫೋರ್‌ಮನ್ನರಿಂದ ಬೈಸಿಕೊಂಡೆ.

ನಾಲ್ಕನೆಯ ಶುಕ್ರವಾರದ ಹೊತ್ತಿಗೆ ನನಗೆ ಉತ್ತರ ಸಿಕ್ಕಿತ್ತು, ಅಥವಾ ಸಿಕ್ಕಿತೆಂದುಕೊಂಡೆ. ಶುಕ್ರವಾರಕ್ಕೂ ಉಳಿದ ದಿನಕ್ಕೂ ಏನು ವ್ಯತ್ಯಾಸ? ಶುಕ್ರವಾರ ಸೆಟ್ಟನ್ನು ಹದ ಮಾಡುವವನು ನಾನು, ಉಳಿದ ದಿನ ಅವರು. ಮೊದಲು ಸರಿಯಿದ್ದು ಆಮೇಲೆ ಕೆಡುವುದು ಬಿಸಿಯಾಗದ ಸೆಟ್ಟಿನ ಲಕ್ಷಣ. ಮುದುಕರು ಐದಕ್ಕೆ ಸೆಟ್ ಹಾಕುತ್ತಿಲ್ಲ. ಮಧ್ಯಾಹ್ನ ಮಲಗಿ ಎದ್ದು ಆರಕ್ಕೆ ಹಾಕುತ್ತಾರೆ, ಲಾಗ್ ಪುಸ್ತಕದಲ್ಲಿ ಮಾತ್ರ ಐದು ಎಂದು ಬರೆಯುತ್ತಾರೆ.

ಅಂದು ನಾನು ಹೋದಾಗ ಅವರು ಮೂರು ವಾರದ ಕಾಗದದ ಸುರುಳಿಗಳನ್ನು ಜಗಲಿಯಲ್ಲಿ ಹಾಸಿಕೊಂಡು ಕೂತಿದ್ದರು.

“ನೋಡ್ಲಾ, ಶುಕ್ರವಾರದ್ದು ಮೂರಕ್ಕೆ ಮೂರೂ ಸರಿಯಾಗವೆ. ಬೇರೆ ದಿನದ್ದು ಒಂದೂ ನೆಟ್ಟಗಿಲ್ಲ. ನಿನ್ನ ಕಡೆ ಶುಕ್ರವಾರ ಏನೋ ಅದೆ ಕಣ್ಲಾ. ಏನು ಅಂತ ನೋಡು.”

ಅಮ್ಮ, ಅಂದರೆ ಅವರ ಹೆಂಡತಿ, ಒಳಗಿನಿಂದ ಕಾಫಿ ತಂದರು. “ಶುಕ್ರವಾರ ಲಕ್ಷ್ಮಿಗೆ ತುಪ್ಪದ ದೀಪ ಹಚ್ತೀನಲ್ಲಪ್ಪ, ಅದ್ಕೇ ಇರ್ಬೇಕು” ಎಂದು ನಕ್ಕರು.

ನಾನೂ ನಕ್ಕೆ. “ಹಂಗಾದ್ರೆ ದಿನಾ ಹಚ್ಚಿಬುಡಿ ಅಮ್ಮ, ನನ್ನ ಪ್ರೋಗ್ರಾಂ ಬ್ಯಾಡ” ಎಂದೆ. ಆ ನಗು ನನ್ನ ಬಾಯಿಗೆ ಇನ್ನೂ ಕಹಿ.

ಮೇಷ್ಟ್ರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಚೀಟಿ ತೆಗೆದುಕೊಂಡು, ಐದಕ್ಕೆ ಹಾಕುತ್ತಿದ್ದೀರಾ ಎಂದು ಕೇಳಿದೆ.

“ಹೂಂ. ದಿನಾ ಐದಕ್ಕೆ. ಬರ್ದಿವ್ನಿ ನೋಡು” ಎಂದು ಲಾಗ್ ಪುಸ್ತಕ ಮುಂದೆ ತಳ್ಳಿದರು. ನಾನಿಲ್ಲದ ದಿನಗಳ ಹದಿನೆಂಟು ಸಾಲು, ಹದಿನೆಂಟರಲ್ಲೂ 5-00. ಒಂದು ದಿನವೂ ನಾಲ್ಕೂ ಐವತ್ತೆಂಟಿಲ್ಲ, ಐದೂ ಮೂರಿಲ್ಲ. ಅದು ನನಗೆ ನಿಷ್ಠೆಯಾಗಿ ಕಾಣಲಿಲ್ಲ, ಕಳ್ಳ ಲೆಕ್ಕವಾಗಿ ಕಂಡಿತು.

ಬಾಯಿ ಮಾತಾಗಿದ್ದರೆ ಅರ್ಧಕ್ಕೆ ನುಂಗಿಕೊಳ್ಳಬಹುದಿತ್ತು. ಅವರಿಗೆ ಬರೆದೇ ತೋರಿಸಬೇಕಲ್ಲ. ಬರೆದೆ: ‘ನೀವು ಐದಕ್ಕೆ ಹಾಕುತ್ತಿಲ್ಲ. ಹಾಕಿದೆ ಎಂದು ಸುಮ್ಮನೆ ಬರೆಯುತ್ತಿದ್ದೀರಿ.’

ಅವರು ಕನ್ನಡಕ ಏರಿಸಿ ಓದಿದರು. ಇನ್ನೊಮ್ಮೆ ಓದಿದರು. ಸಿಟ್ಟು ಮಾಡುತ್ತಾರೆ ಎಂದುಕೊಂಡಿದ್ದೆ, ಮಾಡಲಿಲ್ಲ. ಚೀಟಿಯನ್ನು ತೆಗೆದುಕೊಂಡು ಹೋಗಿ ಕಂಬಿಗೆ ಚುಚ್ಚಿದರು. ಅಲ್ಲಿಂದಲೇ, ನನ್ನ ಕಡೆ ತಿರುಗದೆ ಹೇಳಿದರು: “ತಂತಿ ಆಪೀಸ್ನಾಗೆ ಟೈಮು ತಪ್ಪು ಬರ್ದೋನು ಮನೆಗೋಗ್ಬೇಕಾಗಿತ್ತು. ನಾನು ಪೂರ್ತಿ ಸರ್ವೀಸ್ ಮಾಡಿ ಬಂದಿವ್ನಿ. ನೀವು ಬಸ್ಸಿಗೆ ಹೊರಡಿ, ಹೊತ್ತಾಯ್ತದೆ.”

ನೀವು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಒಮ್ಮೆಯೂ ನೀವು ಎಂದಿರಲಿಲ್ಲ. ಅಮ್ಮ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದವರು ಹೊರಗೆ ಬರಲಿಲ್ಲ. ಬಸ್ಸಿನಲ್ಲಿ ಕೂತು, ನಿಜ ಹೇಳಿದರೆ ಯಾರಿಗೂ ಹಿಡಿಸುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆ ವಾರ ಕಾರ್ಡು ಬರಲಿಲ್ಲ. ನಾನೂ ಬಿಗುವಿನಿಂದ ಮುಂದಿನ ಶುಕ್ರವಾರ ಹೋಗಲಿಲ್ಲ. ಬಟ್ಟೆ ಒಗೆದೆ, ಅವಲಪಲ್ಲಿಯ ಗೆಳೆಯನ ಮನೆಗೆ ಹೋಗಿ ಊಟ ಮಾಡಿಬಂದೆ. ಹಟಕ್ಕೆ ದಿನವೂ ಆರೂಕಾಲಕ್ಕೆ ಕಳಿಸುತ್ತಲೇ ಇದ್ದೆ. ಕೇಳುವವರಿದ್ದಾರೋ ಇಲ್ಲವೋ ಗೊತ್ತಿಲ್ಲ. ತಿಂಗಳು ಮುಗಿಯಿತು.

ಅದಾಗಿ ನಾಲ್ಕು ದಿನಕ್ಕೆ ಜನರೇಟರ್ ಮನೆಯಿಂದ ದೂರು ಬಂತು. ಪ್ಯಾನೆಲ್ಲಿನ ಮೇಲಿರುವ, ಕರೆಂಟಿನ ಮಿಡಿತ ತೋರಿಸುವ ಎರಡು ಮೀಟರುಗಳು ಬೇರೆಬೇರೆ ಹೇಳುತ್ತಿವೆ, ಒಂದು ಕೆಟ್ಟಿರಬೇಕು, ನೋಡು ಎಂದು ಫೋರ್‌ಮನ್ನರು ಸಂಜೆ ಹೊತ್ತಿಗೆ ಕಳಿಸಿದರು. ಸಂಜೆ ಆರರಿಂದ ಒಂಬತ್ತರವರೆಗೆ ಕಾರ್ಖಾನೆಗಳು ವಿದ್ಯುತ್ ಬೋರ್ಡಿನ ಕರೆಂಟನ್ನು ಮುಟ್ಟುವಂತಿರಲಿಲ್ಲ. ಆ ಮೂರು ಗಂಟೆ ನಮ್ಮ ಡೀಸೆಲ್ ಜನರೇಟರ್ ಗುಡುಗುತ್ತಿತ್ತು. ಹೋಗಿ ನೋಡಿದೆ. ವಿದ್ಯುತ್ ಬೋರ್ಡಿನ ಕಡೆಯ ಮೀಟರು ನಲವತ್ತೆಂಟೂವರೆ, ಜನರೇಟರಿನದು ಐವತ್ತು. ನಾನು ಸ್ಕ್ರೂಡ್ರೈವರ್ ತೆಗೆದೆ.

ಜನರೇಟರ್ ನೋಡಿಕೊಳ್ಳುವವನು, ಎಲ್ಲರೂ ಅಣ್ಣ ಎನ್ನುವವನು, ತಡೆದ. ಅವನದು ಅರ್ಧ ತಮಿಳು, ಅರ್ಧ ಕನ್ನಡ. “ಬಿಚ್ಬೇಡಿ ಸಾರ್. ರೆಂಡುಮೇ ಕರೆಕ್ಟು, ಎರಡೂ ಸರಿ. ಬೋರ್ಡ್ ಕರೆಂಟು ಸಾಯಂಕಾಲ ಆದ್ರೆ ಹಿಂಗೇ ಸೊರಗ್ತದೆ. ನಮ್ದು ನೆಟ್ಟಗೆ ಐವತ್ತು ನಿಂತ್ಕಂತದೆ. ಫೋರ್‌ಮನ್ಗೆ ಹೇಳಿದ್ರೆ ಅರ್ಥ ಆಗಲ್ಲ.”

“ಕ್ವಾರ್ಟರ್ಸಿಗೂ ಇದೇನಾ?” ಎಂದೆ. ಗೊತ್ತಿದ್ದೂ ಕೇಳಿದೆ.

“ಆಮಾ ಸಾರ್, ಹೌದು. ರಜಾ ದಿನ ಬಿಟ್ಟು ದಿನಾ ಇದೇ. ಶುಕ್ರವಾರ ನಮ್ಗೆ ರೆಸ್ಟು, ನಿಮ್ಗೆ ಬೋರ್ಡ್ ಕರೆಂಟು.”

ಸ್ಕ್ರೂಡ್ರೈವರನ್ನು ವಾಪಸು ಜೇಬಿಗೆ ಹಾಕಿಕೊಂಡೆ. ನಾನು ಜನರೇಟರಿನ ಮಿಡಿತ ಎಣಿಸಿ ಕಳಿಸುತ್ತಿದ್ದೆ, ಮೇಷ್ಟ್ರ ಮನೆಯ ಕಂಟ್ರೋಲ್ ಬೋರ್ಡು ಊರಿನ ಕರೆಂಟಿನ ಮಿಡಿತ ಎಣಿಸುತ್ತಿತ್ತು. ನೂರಕ್ಕೆ ಮೂರರ ವ್ಯತ್ಯಾಸ. ಹದಿನಾರು ಹದಿನೇಳು ತುಂಡು ಕಳೆಯುವುದರೊಳಗೆ ಅರ್ಧ ತುಂಡು ಜಾರುತ್ತದೆ. ‘ನಮಸ್ಕಾರ’ದ ಮೊದಲ ಎರಡಕ್ಷರ ಮುಗಿಯುವುದು ಸರಿಯಾಗಿ ಅಲ್ಲಿಗೇ. ಮುಂದಿನ ಪ್ರತಿ ಚುಕ್ಕೆಯೂ ಎರಡು ತುಂಡಿಗೆ ಅರ್ಧರ್ಧ ಹಂಚಿಹೋಗಿ, ನನ್ನ ಪ್ರೋಗ್ರಾಂ ಕಣ್ಣು ಮುಚ್ಚಿ ‘ಇದೆ’, ‘ಇಲ್ಲ’ ಎಂದು ಸುಳ್ಳು ತೀರ್ಪು ಕೊಡುತ್ತಿತ್ತು.

ಇದಕ್ಕಿಂತ ಚುಚ್ಚಿದ್ದು ಇನ್ನೊಂದು. ಆರೂಕಾಲು ಎಂಬ ವೇಳೆಯನ್ನು ನಾನೇ ಯಾಕೆ ಗೊತ್ತು ಮಾಡಿದ್ದೆ? ಆರಕ್ಕೆ ಜನರೇಟರಿಗೆ ಬದಲಾಯಿಸುವಾಗ ದೀಪ ಒಮ್ಮೆ ಮಿಣುಕುತ್ತದೆ, ಆ ಮಿಣುಕಿಗೆ ನನ್ನ ಪೆಟ್ಟಿಗೆ ತುಂಬಿಸಿದ ಪ್ರೋಗ್ರಾಮನ್ನೆಲ್ಲ ಮರೆಯುತ್ತದೆ. ಅದಕ್ಕೆ ಹೆದರಿ, ಬದಲಾದ ಮೇಲೆ ಶುರು ಮಾಡೋಣ ಎಂದು ಕಾಲು ಗಂಟೆ ಮುಂದೆ ಹಾಕಿದ್ದೆ. ಅಂದರೆ ಎಲ್ಲ ನನಗೆ ಗೊತ್ತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದೆ. ಹುಡುಕಿದ್ದಾದರೂ ಇರಲಿ, ಕೂಸು ಕದ್ದವರು ನೀವೇ ಎಂದು ಒಬ್ಬರ ಮುಖಕ್ಕೆ ಬರೆದು ತೋರಿಸಿದ್ದೆ. ಅವರು ನಿನ್ನ ಕಡೆ ನೋಡು ಎಂದು ಬಾಯಿಬಿಟ್ಟು ಹೇಳಿದ್ದರು. ನನಗೆ ಅಳು ಬಂತು. ಡೀಸೆಲ್ ಹೊಗೆ ಎಂದು ಅಣ್ಣನಿಗೆ ಹೇಳಿ ಹೊರಬಂದೆ.

ಶುಕ್ರವಾರಕ್ಕೆ ಕಾಯಲಿಲ್ಲ. ಮರುದಿನವೇ ರಜೆ ಬರೆದುಕೊಟ್ಟು ರಾಯಕೋಟೆಗೆ ಹೋದೆ. ಅಂಗಳದ ಹುಣಸೆ ಮರದಿಂದ ಮಾಡಿಗೆ ಎಳೆದಿದ್ದ ಏರಿಯಲ್ ತಂತಿ ಹಾಗೇ ಇತ್ತು. ಅದನ್ನು ಕಂಡು ಸ್ವಲ್ಪ ಉಸಿರಾಡಿದೆ. ಅಮ್ಮ ಬಾಗಿಲಲ್ಲೇ ತಡೆದು ನಿಂತರು.

“ಅವ್ರು ದಿನಾ ಐದಕ್ಕೇ ಹಾಕೋದು. ಗೋಡೆ ಗಡಿಯಾರ ನೋಡ್ಕಂಡು, ಅದರ ಮುಂದೆ ನಿಂತ್ಕಂಡು ಹಾಕೋದು. ನೀನು ಹಂಗೆ ಬರೀಬಾರ್ದಾಗಿತ್ತಪ್ಪ” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಒಳಗೆ ಕೂತು ನಾನು ಎರಡು ಹಾಳೆ ಬರೆದೆ. ಜನರೇಟರು, ಮಿಡಿತ, ಶುಕ್ರವಾರದ ರಜೆ, ಆರೂಕಾಲಿನ ಕಥೆ, ಎಲ್ಲ. ಕೊನೆಗೆ, ತಪ್ಪು ನನ್ನದು, ನಿಮ್ಮ ಕಾಲಿಗೆ ಬೀಳುತ್ತೇನೆ, ಆ ಚೀಟಿ ಹರಿದುಹಾಕಿ ಎಂದು ಬರೆದು, ಬಿದ್ದೂ ಬಿದ್ದೆ. ಅವರು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಏಳು ಎಂದೂ ಅನ್ನಲಿಲ್ಲ. ಎರಡು ಹಾಳೆಯನ್ನೂ ನಿಧಾನವಾಗಿ ಓದಿ ಮಡಿಸಿದರು.

‘ಅರ್ಜಿ?’ ಎಂದು ಬರೆದೆ.

“ಟೈಮು ಮುಗೀತಲ್ಲ.” ಕೇಳುವ ಸೆಟ್ಟಿನ ಪಕ್ಕದಲ್ಲಿದ್ದ ಕಳಿಸುವ ಸೆಟ್ಟಿನ ಕಡೆ ಕೈ ತೋರಿಸಿದರು. ಅದರ ವಾಲ್ವುಗಳನ್ನು ಬಿಚ್ಚಿ, ಒಂದೊಂದನ್ನೂ ಹತ್ತಿಯಲ್ಲಿ ಸುತ್ತಿ, ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದರು. “ಚೀಟಿ ಹರಿಯಂಗಿಲ್ಲ. ಬಂದ ಕಾಗದ ಅದು.” ನನ್ನ ಎರಡು ಹಾಳೆಯನ್ನೂ ಅದೇ ಕಂಬಿಗೆ ಚುಚ್ಚಿದರು.

ಆಮೇಲೆ ಅವರೇ ಮಾತಾಡಿದರು, ಅಧಿಕಾರಿಗೆ ವರದಿ ಒಪ್ಪಿಸು‌ವ ಧಾಟಿಯಲ್ಲಿ. “ನಿಮ್ಮ ಮಿಷನ್ನು ಊಹೆ ಮಾಡ್ತದೆ. ತಂತಿಯೋನು ಊಹೆ ಮಾಡಬಾರ್ದು. ಬಂದಿದ್ದು ಬಂದಂಗೇ ಬರೀಬೇಕು. ಅರ್ಥ ಅದಾ ಇಲ್ವಾ ಅಂತ ಓದೋನು ನೋಡ್ಕಂತಾನೆ.”

ಮೊದಲು ನನಗೆ ಸಿಟ್ಟೇ ಬಂತು. ಆ ‘ಇದೆ’, ‘ಇಲ್ಲ’ದ ಪ್ರೋಗ್ರಾಂ ನನ್ನ ಎರಡು ತಿಂಗಳ ಬೆವರು. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ಲೆಕ್ಕ ಹಾಕಿದೆ. ಪ್ರೋಗ್ರಾಮನ್ನು ಪೂರಾ ತೆಗೆದು, ಸದ್ದಿನ ಏರಿಳಿತವನ್ನು ನೇರವಾಗಿ ಪೆನ್ನಿಗೇ ಕೊಟ್ಟರೆ? ಪೆನ್ನು ನಿಧಾನ, ಚಟಪಟವನ್ನೆಲ್ಲ ಅದರ ಸೋಮಾರಿತನವೇ ಸೋಸುತ್ತದೆ. ಚುಕ್ಕೆ ಸ್ವಲ್ಪ ಉದ್ದವಾದರೂ ಗಿಡ್ಡವಾದರೂ ನೋಡುವ ಕಣ್ಣಿಗೆ ತಿಳಿಯುತ್ತದೆ. ಕಾಗದವನ್ನೆಳೆಯುವ ಮೋಟಾರು ನೂರಕ್ಕೆ ಮೂರು ನಿಧಾನವಾದರೆ ಯಾರಿಗೇನು? ಅಲ್ಲಿ ಎರಡು ಗಡಿಯಾರ ಒಂದಾಗಬೇಕಾದ ಅಗತ್ಯವೇ ಇಲ್ಲ. ತೀರ್ಪು ಕೊಡುವ ಕೆಲಸವನ್ನು ನಾನು ಒಂದು ಬಿಸಾಡಿದ ಬೋರ್ಡಿಗೆ ಕೊಟ್ಟಿದ್ದೆ. ಆ ಕೆಲಸಕ್ಕೆ ಪಳಗಿದ ಮನುಷ್ಯ ಅದರ ಎದುರಿಗೇ ಕೂತಿದ್ದರು.

ಶುಕ್ರವಾರ ಬೋರ್ಡನ್ನು ಕಿತ್ತು ಚೀಲಕ್ಕೆ ಹಾಕಿಕೊಂಡೆ. ಅದರ ಜಾಗಕ್ಕೆ ಒಂದು ಡಯೋಡು, ಒಂದು ರೆಸಿಸ್ಟರು, ಒಂದು ಕೆಪಾಸಿಟರು. ಮೂರೇ ತುಣುಕು. ನನ್ನ ಕಡೆ ಕಳಿಸುವ ಪ್ರೋಗ್ರಾಂ ಮಾತ್ರ ಉಳಿಯಿತು, ಅದೂ ಈಗ ಪೆಟ್ಟಿಗೆಯ ಸ್ವಂತ ಗಡಿಯಾರದ ಮೇಲೆ. ಬೆಸುಗೆ ಹಾಕುತ್ತಿದ್ದಾಗ ಮೇಷ್ಟ್ರು ಬಂದು ನೋಡಲಿಲ್ಲ. ಹೊರಡುವಾಗ ಚೀಟಿಯಲ್ಲಿ, ನೀವು ಉತ್ತರ ಕಳಿಸುವ ಹಾಗಿಲ್ಲ, ಆದರೂ ನಾನು ದಿನಾ ಕಳಿಸಲೇ ಎಂದು ಕೇಳಿದೆ. ಹತ್ತು ವಾಕ್ಯ ಬರೆಯುವ ಮನಸ್ಸಿತ್ತು, ಬರೆಯಲು ಮುಖವಿರಲಿಲ್ಲ.

“ಕಳ್ಸಿ. ಬಂದ್ರೆ ಬರ್ಕಂತೀನಿ, ಕಾರ್ಡ್ ಹಾಕ್ತೀನಿ. ಅದು ನನ್ನ ಕೆಲ್ಸ” ಎಂದರು.

ಕಳಿಸಿದೆ. ಶುಕ್ರವಾರ, ಶನಿವಾರ, ಜನರೇಟರ್ ಗುಡುಗುವ ಭಾನುವಾರ, ಸೋಮವಾರ. ಗುಡ್ಡದ ಮೇಲೆ ಮೋಡ ಇದೆ, ಟೊಮೆಟೊ ಲಾರಿ ಕೆಟ್ಟು ನಿಂತಿದೆ, ಇಂಥವೇ ಸಣ್ಣ ಮಾತು. ಒಂದೊಂದಕ್ಕೆ ಹದಿನೈದು, ಇಪ್ಪತ್ತು ನಿಮಿಷ. ಏಳು ದಿನಕ್ಕೆ ಏಳು ಕಾರ್ಡು ಬಂದವು. ಏಳರಲ್ಲೂ ಒಂದಕ್ಷರ ತಪ್ಪಿರಲಿಲ್ಲ. ಗುರುವಾರದ್ದರಲ್ಲಿ ಒಂದು ಅಕ್ಷರ ನಾನೇ ತಪ್ಪು ಕೂರಿಸಿದ್ದೆ. ಅವರು ಅದನ್ನು ತಿದ್ದದೆ, ಬಂದ ಹಾಗೆಯೇ ಬರೆದಿದ್ದರು. ಅರ್ಜಿಗೆ ಸಹಿ ಬೀಳಬೇಕಾಗಿದ್ದ ಏಳು ಸಂದೇಶ ಪೂರ್ತಿಯಾದದ್ದು ಹೀಗೆ, ಗಡುವು ಮುಗಿದ ಎರಡು ವಾರಕ್ಕೆ.

ಆ ಕಾರ್ಡುಗಳು ‘ಶ್ರೀಯುತರಿಗೆ’ ಎಂದು ಶುರುವಾಗುತ್ತಿದ್ದವು. ಎರಡನೆಯ ಸಾಲು: ‘ಸೆಟ್ ಹಾಕಿದ ವೇಳೆ 5-00. ಸಾಕ್ಷಿ:’ ಅದರ ಮುಂದೆ ಅಮ್ಮನ ಸಹಿ. ಅವರು ತವರಿನಲ್ಲಿ ಓದಿದ್ದು ತೆಲುಗು. ಗುಂಡಗಿನ ಅಕ್ಷರದಲ್ಲಿ ಹೆಸರನ್ನು ಪೂರ್ತಿ ಬರೆಯುತ್ತಿದ್ದರು. ಅದಾದ ಮೇಲೆ ಸಂದೇಶ.

ಹೀಗೆ ವರ್ಷದ ಹತ್ತಿರ ನಡೆಯಿತು. ಮಾತು ಮೆಲ್ಲಗೆ ಸಡಿಲವಾಯಿತು. ಒಂದು ಶುಕ್ರವಾರ ಅವರು ಮೈಮರೆತು ‘ಬಾರ್ಲಾ’ ಎಂದೂ ಬಿಟ್ಟರು, ನಾನು ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ. ಧೈರ್ಯ ಬಂದಿತ್ತು. ಚೀಟಿಯಲ್ಲಿ ಬರೆದೆ: ‘ಐದು ಗಂಟೆ ಎಂದು ಇನ್ನು ಬರೆಯಬೇಡಿ ಸಾರ್. ನನಗೆ ಓದಲಾಗುವುದಿಲ್ಲ.’ ಅವರು ಓದಿ, ನನ್ನ ಬೆನ್ನ ಮೇಲೆ ಒಮ್ಮೆ ಕೈಯಿಟ್ಟು, ಚೀಟಿಯನ್ನು ಕಂಬಿಗೆ ಚುಚ್ಚಿದರು.

ಸೋಮವಾರ ಕಾರ್ಡು ಬಂತು. ಶ್ರೀಯುತರಿಗೆ ಎಂಬುದು ಹೋಗಿ ಚಿರಂಜೀವಿಗೆ ಎಂದು ಆಗಿತ್ತು. ಅದರ ಕೆಳಗೆ, ಸೆಟ್ ಹಾಕಿದ ವೇಳೆ 5-00, ಸಾಕ್ಷಿ, ಅಮ್ಮನ ಸಹಿ.